ನಡಾವಳಿಯಲ್ಲಿ ಬರೆಯದ್ದು

ಆ ಸಂಜೆ ಬುರಾ ಗಾಳಿ ಬೀಸುತ್ತಿತ್ತು ಎಂದು ನಾನು ಬರೆಯಲಿಲ್ಲ.
ಪುರಸಭೆಯ ಗುಮಾಸ್ತೆ ನಾನು,
ಗಾಳಿಗೆ ಕ್ರಮಸಂಖ್ಯೆ ಇರುವುದಿಲ್ಲ.

ವಿಷಯ ನಾಲ್ಕು: ದ್ವೀಪಕ್ಕೆ ಹೊಸ ಫೆರ್ರಿ.
ದೂರದ ಹಡಗುಕಟ್ಟೆ ಕೇಳಿದ್ದು ತೊಂಬತ್ತೊಂದು ಲಕ್ಷ ಯೂರೊ,
ಹದಿನಾಲ್ಕು ತಿಂಗಳು.
ನಮ್ಮೂರ ಕಟ್ಟೆ ಕೇಳಿದ್ದು ಒಂದು ಕೋಟಿ ನಾಲ್ಕು ಲಕ್ಷ,
ಎರಡು ವರ್ಷ; ಅದರ ಕೆಳಗೆ ಸಣ್ಣ ಅಕ್ಷರದಲ್ಲಿ
'ತಡ ಆಗಲೂಬಹುದು.'

ಕಿಟಕಿಯಾಚೆ ಕ್ರೇನು. ಒಂಬತ್ತು ವರ್ಷದಿಂದ
ಒಂದೇ ದಿಕ್ಕಿಗೆ ಕೈ ಚಾಚಿ ನಿಂತಿದೆ.
ಚಾಲಕನ ಕುರ್ಚಿಯಲ್ಲಿ ಕಡಲಹಕ್ಕಿ
ಮೂರು ಸಲ ಸಂಸಾರ ಹೂಡಿ ಎದ್ದುಹೋಗಿದೆ.

ಮೇಯರು ಅಜ್ಜಂದಿರ ಬಗ್ಗೆ ಮಾತಾಡಿದರು,
ಅವರು ಕಟ್ಟಿದ ಹಡಗು ಮುಟ್ಟದ ಬಂದರಿಲ್ಲ ಎಂದರು.
ಬರೆದುಕೊಂಡೆ.
ಅಜ್ಜಂದಿರು ಮತ ಹಾಕುವುದಿಲ್ಲ.

ಆಮೇಲೆ ಎದ್ದವಳು ದಿಂಕಾ ವಿದೂಲಿಚ್,
ಈಗ ಹೋಟೆಲುಗಳ ಈಜುಕೊಳಕ್ಕೆ ಕಂಬಿ ಬೆಸೆಯುವವಳು:
"ಅಂಗಾತ ಮಲಗಿ, ಕಿಡಿ ಕತ್ತಿಗೆ ಸುರಿಯುವಾಗಲೂ
ಕೈ ನಡುಗದೆ ಬೆಸುಗೆ ಎಳೆಯಬಲ್ಲವರು
ಊರಲ್ಲಿ ಹನ್ನೊಂದು ಜನ ಉಳಿದಿದ್ದೇವೆ.
ನಾಲ್ವರಿಗೆ ಕಣ್ಣು ಮಂಜು.
ಇನ್ನೈದು ವರ್ಷ ಯೋಚಿಸಿ ಬೇಕಾದರೆ,
ದುಡ್ಡು ಉಳಿಯುತ್ತದೆ. ಕೈ ಉಳಿಯುವುದಿಲ್ಲ."

ಚಪ್ಪಾಳೆ ಬಿತ್ತು. ದ್ವೀಪದ ಸದಸ್ಯ
ಶಿಮೆ ಲುಕಾರಿಚ್ ಮಾತ್ರ ತಟ್ಟಲಿಲ್ಲ.
"ನಿಮ್ಮ ಕೈ ಇರಲಿ," ಎಂದ.
"ಕಳೆದ ಫೆಬ್ರವರಿ ನನ್ನಮ್ಮನ ಸೊಂಟ ಮುರಿಯಿತು.
ಹಳೇ ಫೆರ್ರಿಯ ಬಾಗಿಲಲ್ಲಿ ಸ್ಟ್ರೆಚರು ಹಿಡಿಯಲಿಲ್ಲ.
ಗೋಣಿಚೀಲದ ಹಾಗೆ ಓರೆ ಮಾಡಿ ಒಳಗೆ ತಳ್ಳಿದೆವು.
ಆಕೆ ಕೂಗಲಿಲ್ಲ; ನನ್ನ ಮುಖ ನೋಡಿದಳು, ಅಷ್ಟೆ.
ನನಗೆ ಹಡಗು ಬೇಕು. ಯಾರು ಕಟ್ಟಿದರೆ ನನಗೇನು?"

ಪೆನ್ನು ಕೆಳಗಿಟ್ಟೆ.
ದಿಂಕಾಳಿಗೂ ಬಾಯಿ ಕಟ್ಟಿತು.
ಕಿಟಕಿಯ ಗಾಜನ್ನು ಗಾಳಿ ಗಡಗಡ ಆಡಿಸುತ್ತಿತ್ತು.

ಅವನೇ ಮತ್ತೆ ಕೇಳಿದ, ತಗ್ಗಿದ ದನಿಯಲ್ಲಿ:
"ಬಾಗಿಲು ಅಗಲ ಮಾಡಿ ಎಂದು ದೂರದವರಿಗೆ ಬರೆದೆ.
ಹೊಸ ನಕ್ಷೆ, ಹೊಸ ದರ ಎಂದರು. ನೀನೇನು ಹೇಳುತ್ತಿ?"
"ಅಳತೆ ಕೊಡು," ಎಂದಳು ದಿಂಕಾ.

ಪರ ಏಳು. ವಿರೋಧ ಆರು.
ನಡಾವಳಿಯಲ್ಲಿ ಇರುವುದು ಇಷ್ಟು.

ತಡ ಆಗಲೂಬಹುದು ಎಂದದ್ದು ಆಗಿಯೇ ಆಯಿತು.
ಮೂರು ವರ್ಷ ದಾಟಿತು, ಪತ್ರಿಕೆಗಳು ಉಗಿದವು,
ದ್ವೀಪದ ಮಕ್ಕಳು ಇನ್ನೊಂದು ಚಳಿಗಾಲವಿಡೀ
ಹಳೇ ಫೆರ್ರಿಯಲ್ಲಿ ಕಕ್ಕುತ್ತ ಶಾಲೆಗೆ ಬಂದರು.
ನನ್ನ ಮಗಳ ಗೆಳತಿ ಅವರಲ್ಲೊಬ್ಬಳು.
ಅವಳ ಕಣ್ಣು ತಪ್ಪಿಸಿ ರಸ್ತೆ ದಾಟುತ್ತಿದ್ದೆ.

ಒಂದು ಬೆಳಿಗ್ಗೆ ರುಜು ಹಾಕಿಸಲು ಕಟ್ಟೆಗೆ ಹೋದೆ.
ಕೆಂಪು ಬಣ್ಣ ಬಳಿದ ಒಡಲೊಳಗೆ
ಶಿಮೆ ಆಸ್ಪತ್ರೆಯಿಂದ ಕಡ ತಂದ ಸ್ಟ್ರೆಚರು;
ಅದರ ಮೇಲೆ ಬೂಟು ಸಮೇತ ದಿಂಕಾ,
ಕೈ ಕಟ್ಟಿಕೊಂಡು, ಛಾವಣಿಯ ಬೆಸುಗೆ ಪರೀಕ್ಷಿಸುತ್ತ.
ಹೊಸದಾಗಿ ಸೇರಿದ ನಾಲ್ಕು ಹುಡುಗರು ಹೊತ್ತು ನಡೆದರು.
ಬಾಗಿಲಲ್ಲಿ ತಿರುಗುವಾಗ
ಅವಳ ಮೊಣಕೈ ಚೌಕಟ್ಟಿಗೆ ತರಚಿತು.

"ನಕ್ಷೆಯ ಪ್ರಕಾರ ಸರಿಯಿದೆ," ಎಂದ ಒಬ್ಬ ಹುಡುಗ.

"ಅಂಗೈಯಗಲ ಸಾಲದು," ಎಂದ ಶಿಮೆ.

ಅವಳು ಇಳಿದಳು. ಮೊಣಕೈ ಉಜ್ಜಿಕೊಂಡಳು.
ಸೀಮೆಸುಣ್ಣದಿಂದ ಗೆರೆ ಎಳೆದು,
ಮುಖವಾಡ ಇಳಿಸಿ,
"ಹಿಂದೆ ಸರೀರಿ," ಎಂದು
ಬೆಂಕಿ ಹಚ್ಚಿದಳು.