ಮಾರೆನ್‌ಗೆ, ಬೆಟ್ಟದಾಚೆ

ನನ್ನ ಕೈಯಾರೆ ನಿನ್ನ ಕೈ ಹಿಡಿದು
ಅವನ ಕೈಗಿಟ್ಟೆ. ಶಾಸ್ತ್ರ ಹಾಗಿತ್ತು.
ಹತ್ತೊಂಬತ್ತರ ಕೈ. ಡೆನ್ಮಾರ್ಕಿನ ಯಾರದೋ ಹಟ್ಟಿಯಲ್ಲಿ
ಬೆಣ್ಣೆ ಕಡೆದು ಕಡೆದು ಒಡೆದ ಅಂಗೈ,
ನನ್ನದಕ್ಕಿಂತ ಒರಟು.
ಅದೊಂದಕ್ಕೆ ಆವತ್ತು ಸಮಾಧಾನವಾಯಿತು ನನಗೆ,
ಹೇಳಿಕೊಳ್ಳಬಾರದ ಸಮಾಧಾನ.

ನಿನ್ನನ್ನು ಏನೆಂದು ಕರೆಯಲಿ?
ಸಭೆಯಲ್ಲಿ ಸೋದರಿ ಅಂದರು.
ನನ್ನ ಮಕ್ಕಳು ಚಿಕ್ಕಮ್ಮ ಅಂದರು.
ನೆರೆಮನೆಯ ಲೊವೈನಾ ಮಾತ್ರ
(ಮೂರನೆಯವಳಾಗಿ ಬಂದು ಮೊದಲಿಬ್ಬರನ್ನೂ ಮಣ್ಣು ಮಾಡಿದವಳು)
ಬೇಲಿಯಾಚೆಯಿಂದ ಕೇಳಿದಳು:
"ಹೇಗಿದ್ದಾಳೆ, ನಿನ್ನ ಮಂಗಳವಾರ?"

ಸೋಮವಾರ ನನ್ನದು, ಮಂಗಳವಾರ ನಿನ್ನದು,
ಹೀಗೆ ಸರದಿ. ಭಾನುವಾರ ದೇವರದು.
ಆಲ್ಫಿಯಸ್ ನ್ಯಾಯಸ್ಥ. ಒಂದು ಥಾನು ಚೀಟಿಬಟ್ಟೆ ತಂದರೆ
ಮೇಜಿನ ಮೇಲೆ ಹಾಸಿ, ಅಳೆದು, ಸರಿಪಾಲು.
ಸಕ್ಕರೆಯೂ ತಕ್ಕಡಿಯಲ್ಲಿ.
ಅಂಗಳದಾಚೆ ನಿನ್ನ ಕಿಟಕಿಯ ದೀಪ
ಎಷ್ಟು ಹೊತ್ತಿಗೆ ಆರಿತೆಂದು ತಿಳಿಯಲು ಗಡಿಯಾರವಿತ್ತು,
ತಿಳಿಯದಿರಲು ಪ್ರಾರ್ಥನೆಯಿತ್ತು.
ಗಡಿಯಾರಕ್ಕೆ ಚಾವಿ ಕೊಡುವುದನ್ನು
ಒಂದು ದಿನವೂ ಮರೆಯಲಿಲ್ಲ.

ಆಮೇಲೆ ಹುಳು ಬಂದವು.
ಸಾನ್‌ಪೀಟ್ ಕಣಿವೆಯ ಹೆಂಗಸರು
ತಮ್ಮದೇ ರೇಷ್ಮೆ ಉಡಬೇಕಂತೆ,
ಸಂಘದವರು ಮೊಟ್ಟೆಯ ಕಾಗದ ಹಂಚಿದರು.
ಎದೆಗವಚಿ ಬಿಸಿ ಕೊಟ್ಟವಳು ನೀನು,
ಮಹಡಿ ಬಿಟ್ಟುಕೊಟ್ಟವಳು ನಾನು.
ನಾಲ್ಕನೇ ಜ್ವರ ಕಳೆದೆದ್ದ ಹುಳುವಿನ ಹಸಿವಿಗೆ
ಹಗಲೂ ಇಲ್ಲ, ರಾತ್ರಿಯೂ ಇಲ್ಲ.
ಲಾಟೀನು ಹಿಡಿದು ಹಿಪ್ಪುನೇರಳೆ ಸೊಪ್ಪು ತರಿದೆವು.
ಕರಕರ ಕರಕರ,
ಮನೆಯನ್ನೇ ಯಾರೋ ಮೇಯುತ್ತಿರುವ ಸದ್ದು.
ಆ ರಾತ್ರಿ ಯಾರ ಪಾಳಿಯೆಂದು ಇಬ್ಬರಿಗೂ ಮರೆತಿತ್ತು.
ಕೆಳಗೆ ಅವನೊಬ್ಬನೇ ಗೊರಕೆ ಹೊಡೆಯುತ್ತಿದ್ದ.
ನೀನು ನಕ್ಕೆ.
ನಿನ್ನ ನಗುವನ್ನು ನಾನು ಕೇಳಿದ್ದು ಆಗಲೇ.

ಐದಾರು ಗೂಡಿನ ಎಳೆ ಸೇರಿದರೆ ಒಂದು ಗಟ್ಟಿ ನೂಲು,
ನಮ್ಮ ಮನೆಗಳೂ ಹಾಗೆ ಎಂದು
ಪೀಠದಿಂದ ಉಪದೇಶವಾಯಿತು.
ಕುದಿಯುವ ಬಾಣಲೆಯ ಮಾತು ಯಾರೂ ಎತ್ತಲಿಲ್ಲ.

ಮಾರ್ಷಲ್ ಬಂದಾಗ ಮಗುವಿಗೆ ಹನ್ನೊಂದು ವಾರ.
ನೀನು ಮಹಡಿಯಲ್ಲಿ, ಖಾಲಿ ತಟ್ಟೆಗಳ ಹಿಂದೆ.
ಆಲ್ಫಿಯಸ್ ಯಾವುದೋ ಬಣವೆಯೊಳಗೆ.
"ಈ ಮಗು ಯಾರದಮ್ಮಾ?"
ನನ್ನ ನರೆತ ತಲೆ ನೋಡಿಯೇ ಕೇಳಿದ.
"ನನ್ನದು" ಎಂದೆ.
ಸುಳ್ಳಾಡಿ ಅಭ್ಯಾಸವಿಲ್ಲದ ಬಾಯಿ
ಎಷ್ಟು ಸಲೀಸಾಗಿ ಅಂದುಬಿಟ್ಟಿತು, ಮಾರೆನ್.
ಮೇಲೆ ಹಲಗೆ ಕಿರುಗುಟ್ಟಿತು.
ಕೂಸು ಅಳುತ್ತಿತ್ತು. ನಿನಗೆ ಹಾಲು ಇಳಿದಿರಬೇಕು.

ಆ ರಾತ್ರಿಯೇ ಬಂಡಿಯಲ್ಲಿ ಹುಲ್ಲಿನಡಿ ಮಲಗಿಸಿ
ಬೇರೊಂದು ಹೆಸರು ಕೊಟ್ಟು ನಿನ್ನನ್ನು ಸಾಗಿಸಿದರು.
ಕೂಸು ಅತ್ತರೆ ಎಲ್ಲರೂ ಸಿಕ್ಕಿಬೀಳುತ್ತೇವೆಂದು
ಅದು ನನ್ನಲ್ಲೇ ಉಳಿಯಿತು.

ನಿನ್ನ ಮೊದಲ ಕಾಗದ ಕೈಸೇರಲು ಹತ್ತು ತಿಂಗಳು.
ನಾನೇ ತಿದ್ದಿಸಿದ ಅಕ್ಷರ, ಇನ್ನೂ ಓರೆ.
ಆಲ್ಫಿಯಸನ ಬಗ್ಗೆ ಒಂದು ಸಾಲೂ ಇಲ್ಲ.
ಉತ್ತರ ಬರೆಯುತ್ತಿದ್ದೇನೆ:
ನಾಲ್ಕು ಹಲ್ಲು ಬಂದಿವೆ. ಮೇಕೆ ಹಾಲು ಒಗ್ಗಿದೆ.
ನಿನ್ನ ಪಾಲಿನ ಚೀಟಿಬಟ್ಟೆಯಲ್ಲಿ ಅವನಿಗೊಂದು ಅಂಗಿ ಹೊಲಿದೆ.
ಮಾತು ಬಂದಿದೆ, ಒಂದೇ ಒಂದು.
ಅದೇನೆಂದು ಬರೆಯಬೇಕು.
ಶಾಯಿ ಮುಗಿಯಿತು
ಎಂದು ಬರೆದೆ.