ಶ್ರೀ ಅರಾಪ್ರಿಸ್ ಅವರಿಗೆ

ಹಾಶೂರಿಯಲ್ಲಿ ನನ್ನನ್ನಿಳಿಸಿ, ಹೊಗೆಯುಗುಳಿ
ಬಸ್ಸು ಹೊರಟುಹೋಯಿತು. ರಾತ್ರಿ ಒಂಬತ್ತೂವರೆ.
ಬೊರ್ಜೋಮಿಯ ಕೊನೇ ವ್ಯಾನು ಏಳಕ್ಕೇ ಹೋಗಿತ್ತಂತೆ.
ಹೇಳಿದ್ದು ಮನುಷ್ಯರಲ್ಲ, ಮುಚ್ಚಿದ ಕಿಟಕಿಯ ವೇಳಾಪಟ್ಟಿ.
ಅಂಕಿ ಮಾತ್ರ ಓದಲು ಬಂತು.
ನಮ್ಮ ಲಿಪಿಯನ್ನು ಜಿಲೇಬಿ ಎಂದು ನಗುವವರು
ಜಾರ್ಜಿಯಾದ ಲಿಪಿ ನೋಡಬೇಕು, ಪಾಕ ಇನ್ನೂ ಆರಿಲ್ಲ.

ಆಲಿಕಲ್ಲೂ ಅಲ್ಲದ, ಹಿಮವೂ ಅಲ್ಲದ ಎಂಥದೋ ಒಂದು
ಕಾಲರಿನೊಳಗೆ ಇಳಿಯುತ್ತಿತ್ತು.

ಕಾರು ನಿಂತಿತು. ಮುದುಕ. ಎರಡು ಚಿನ್ನದ ಹಲ್ಲು.
'ಬೊರ್ಜೋಮಿ?' ಎಂದೆ. ಹತ್ತು ಎಂದ, ಕೈಯಲ್ಲಿ.
ಎಷ್ಟು ಎಂದು ಬೆರಳುಜ್ಜಿ ಕೇಳಿದೆ.
ನೊಣ ಓಡಿಸಿದ ಹಾಗೆ ಕೈಬೀಸಿದ.

ಪುಕ್ಕಟೆ ಎಂದರೆ ನನಗೆ ಮೊದಲಿಂದಲೂ ಭಯ.
ಇಪ್ಪತ್ತೇಳು ವರ್ಷ ಕ್ಯಾಶ್ ಕೌಂಟರಿನಲ್ಲಿ ಕೂತವಳು,
ಬೆಳಕಿಗೆ ಹಿಡಿಯದೆ ಒಂದು ನೋಟನ್ನೂ ನಂಬಿದವಳಲ್ಲ.
ಕೋಟಿನ ಜೇಬಲ್ಲಿ ಅಕ್ಕ ಕಟ್ಟಿಕೊಟ್ಟ
ಖಾರದಪುಡಿಯ ಪೊಟ್ಟಣ:
'ಒಬ್ಬಳೇ ಹೋಗ್ತಿದ್ದೀಯ, ಯಾವುದಕ್ಕೂ ಇರಲಿ.'
ಮುಷ್ಟಿಯಲ್ಲಿ ಅದನ್ನು ಹಿಡಿದೇ ಹತ್ತಿದೆ.

ಅಲ್ಲಿ ರಸ್ತೆಯ ಬಲಕ್ಕೆ ಓಡಿಸುತ್ತಾರೆ.
ಅವನದೋ ಜಪಾನಿನ ಹಳೇ ಕಾರು, ಸ್ಟೀರಿಂಗೂ ಬಲಕ್ಕೇ.
ಎದುರಿನ ಲಾರಿ ಮೊದಲು ಕಾಣುವುದು ನನಗೆ.
ಹಿಂದಿಕ್ಕುವ ಮುಂಚೆ ನನ್ನ ಮುಖ ನೋಡುತ್ತಿದ್ದ,
ಹೋಗಲೇ ಎಂಬಂತೆ.
ಬೇಡ ಎಂದರೆ ತಡೆಯುತ್ತಿದ್ದ. ಹೂಂ ಎಂದರೆ ನುಗ್ಗುತ್ತಿದ್ದ.
ಅವನ ಎಡಗಣ್ಣಾಗಿದ್ದೆ ನಾನು,
ಮುಷ್ಟಿಯಲ್ಲಿ ಖಾರ ಹಿಡಿದುಕೊಂಡೇ.

ಚರ್ಚು ಕಂಡಾಗಲೆಲ್ಲ ಸ್ಟೀರಿಂಗು ಬಿಟ್ಟು
ಮೂರು ಸಲ ಶಿಲುಬೆ ಗೀಚಿಕೊಳ್ಳುವನು.
ಆಗ ನಾನೂ ನನ್ನ ದೇವರನ್ನು ಕರೆದೆ, ಬೇರೆ ಕಾರಣಕ್ಕೆ.

ಇದ್ದಕ್ಕಿದ್ದಂತೆ ದೀಪವಿಲ್ಲದ ಓಣಿಗೆ ತಿರುಗಿಸಿದ.
ನಿಲ್ಲಿಸಿದ. ಇಳಿದ. ನನ್ನ ಕಡೆಗೆ ಬರಲಿಲ್ಲ,
ಕತ್ತಲೆಯೊಳಗೆ ಹೋದ.
ಪೊಟ್ಟಣ ಅದೆಷ್ಟು ಬಿಗಿ ಹಿಡಿದಿದ್ದೆನೋ,
ಒಡೆದೇ ಹೋಯಿತು.

ಬಂದಾಗ ಅವನ ಕಂಕುಳಲ್ಲಿ
ಪೇಪರು ಸುತ್ತಿದ ರೊಟ್ಟಿ, ಮಣ್ಣೊಲೆಯಿಂದ ಈಗಷ್ಟೇ ಎದ್ದದ್ದು.
ಮುರಿದು ದೊಡ್ಡ ತುಂಡು ನನಗೇ ಕೊಟ್ಟ.
ಬೆವರೊರೆಸಲು ಹೋಗಿ ಕಣ್ಣು ಮುಟ್ಟಿಕೊಂಡೆ.
ಅಯ್ಯೋ!

ಧಾರಾಕಾರ ಸುರಿಯುವ ನನ್ನ ಕಣ್ಣು ಕಂಡು
ಮುದುಕ ಕಂಗಾಲಾದ. ರಸ್ತೆಬದಿಗೆ ನಿಲ್ಲಿಸಿ
ಕರವಸ್ತ್ರ ಕೊಟ್ಟ, ನೀರು ಕೊಟ್ಟ,
ಏನೇನೋ ಹೇಳಿದ, ತಗ್ಗಿದ ದನಿಯಲ್ಲಿ, ಬಹಳ ಹೊತ್ತು.
ಮಗುವಿನ ಜ್ವರ ಇಳಿಯಲೆಂದು ಆಡುವಂಥ ಮಾತು.
ಇದು ದುಃಖವಲ್ಲ, ನಿನ್ನ ಮೇಲಿನ ಅನುಮಾನ, ಉರಿಯುತ್ತಿದೆ
ಎನ್ನಲು ನನಗೆ ಭಾಷೆಯಿರಲಿಲ್ಲ.
ಇದ್ದಿದ್ದರೂ.

ಆಮೇಲೆ ಘಾಟು ಅವನಿಗೂ ಹತ್ತಿತು.
ಸರದಿಯ ಮೇಲೆ ಸೀನುತ್ತ
ಇಬ್ಬರೂ ಬೊರ್ಜೋಮಿ ಮುಟ್ಟಿದೆವು.

ಮಲಗಿದ್ದ ಯಜಮಾನಿಯನ್ನು ಬಾಗಿಲು ಬಡಿದೆಬ್ಬಿಸಿದವನು ಅವನೇ.
ನೋಟು ಚಾಚಿದೆ. ನನ್ನ ಬೆರಳನ್ನೇ ಒಂದೊಂದಾಗಿ ಮಡಚಿದ.
'ಮದ್ಲೋಬಾ' ಎಂದೆ, ನನಗೆ ಗೊತ್ತಿದ್ದ ಒಂದೇ ಪದ.
'ಅರಾಪ್ರಿಸ್' ಎಂದ.
ಎದೆ ಮುಟ್ಟಿಕೊಂಡು ನಾನೂ ಹೇಳಿದೆ, 'ಶಶಿರೇಖಾ'.
ಚಿನ್ನದ ಹಲ್ಲೆರಡೂ ಕಾಣುವಂತೆ ನಕ್ಕ.

ಮೇಲೆ ಹೋಗಿ ದೀಪ ಹಾಕುವ ತನಕ
ಕೆಳಗೆ ಇಂಜಿನ್ನು ಗುರುಗುಡುತ್ತಲೇ ಇತ್ತು.

ಮೂರು ಹೊಸ ವರ್ಷಕ್ಕೆ ಮೂರು ಕಾರ್ಡು ಹಾಕಿದೆ:
ಶ್ರೀ ಅರಾಪ್ರಿಸ್, ಬಲಗಡೆ ಸ್ಟೀರಿಂಗಿನ ಕಾರು, ಹಾಶೂರಿ.

ಮೊನ್ನೆ ವಿಮಾನದಲ್ಲಿ ಪಕ್ಕ ಕೂತ
ಕುತಾಯಿಸಿಯ ನರ್ಸು ಖಾತುನಾ
ಕಾಫಿ ಚೆಲ್ಲುವ ಹಾಗೆ ನಕ್ಕಳು:
ಅದು ಹೆಸರಲ್ಲ. ಥ್ಯಾಂಕ್ಸ್ ಅಂದವರಿಗೆ ಹೇಳುವ ಉತ್ತರ.
ನಾವು 'ಏನಿಲ್ಲ ಬಿಡಿ' ಅನ್ನುತ್ತೇವಲ್ಲ, ಹಾಗೆ.

ಶ್ರೀಯುತ ಏನಿಲ್ಲಬಿಡಿ, ಹಾಶೂರಿ.
ಅಂಚೆಯವನು ಏನು ಮಾಡಿರಬಹುದು?
ಕೌಂಟರಿನಲ್ಲಿ ಕೂತವಳು ನಾನು, ನಿಯಮ ಬಲ್ಲೆ:
ವಾರಸುದಾರರಿಲ್ಲದ್ದು ವಾಪಸು ಬರಬೇಕು.
ಮೂರರಲ್ಲಿ ಒಂದೂ ಬಂದಿಲ್ಲ.
ಯಾರೋ ಇಸಿದುಕೊಂಡಿದ್ದಾರೆ.

ಈ ವರ್ಷದ್ದಕ್ಕೂ ಅದೇ ವಿಳಾಸ ಬರೆದೆ.