ಹಲಗೆ ಬರೆಯುವವ

ಯುದ್ಧ ಯಾಕೆ ಹುಟ್ಟಿತೆಂದು ನನ್ನನ್ನು ಕೇಳುತ್ತೀರಾ, ಮೇಷ್ಟ್ರೇ?
ನಾನು ಹ್ನಾತ್. ವೆರ್ಬಿವ್ಕಾ ನಿಲ್ದಾಣಕ್ಕೆ ಬಣ್ಣ ಬಳಿಯುವವ.
ಬೆಂಚು, ಬಕೆಟ್ಟು, ಸಿಗ್ನಲ್ಲಿನ ತೋಳು, ಊರಿನ ಹೆಸರು.
ಅಕ್ಷರ ಬರೆಯುತ್ತೇನೆ, ಓದಲು ಬಾರದು.
ಚೀಟಿಯಲ್ಲಿ ಚಿಕ್ಕದಾಗಿದ್ದುದನ್ನು
ಹಲಗೆಯ ಮೇಲೆ ದೊಡ್ಡದು ಮಾಡುತ್ತೇನೆ, ಅಷ್ಟೆ.

ದಕ್ಷಿಣದ ಯಾವುದೋ ಊರಲ್ಲಿ ಒಬ್ಬ ಹುಡುಗ
ಕಾರಿನಲ್ಲಿ ಕೂತ ಯುವರಾಜನಿಗೆ ಗುಂಡಿಟ್ಟನಂತೆ.
ಇಲ್ಲಿ ಹುಲ್ಲಿನ ಕೊಯ್ಲು. ಯಾರೂ ಕುಡುಗೋಲು ಕೆಳಗಿಡಲಿಲ್ಲ.
ತಂತಿ ಗುಮಾಸ್ತ ಲೇಬಿಷ್ ಮಾತ್ರ ಊಟ ಬಿಟ್ಟ.
"ವಿಯೆನ್ನಾ ಬೆಲ್‌ಗ್ರೇಡಿಗೆ ಗದರಿತು, ಪೀಟರ್ಸ್‌ಬರ್ಗು ವಿಯೆನ್ನಾಕ್ಕೆ,
ಬರ್ಲಿನ್ನು ಪೀಟರ್ಸ್‌ಬರ್ಗಿಗೆ.
ಪ್ಯಾರಿಸ್ಸು ಬಾಯಿ ತೆರೆಯುವುದರೊಳಗೆ
ಬರ್ಲಿನ್ನು ಬೂಟು ಮೆಟ್ಟಿಯಾಗಿದೆ.
ಹೆದರಿದವರೇ ಹೆದರಿಸುತ್ತಿದ್ದಾರೆ, ಹ್ನಾತ್."
ದೊಡ್ಡವರು ನಿಲ್ಲಿಸುತ್ತಾರೆ ಬಿಡು, ಅಂದೆ.
ಅವನು ಸ್ಟೇಷನ್ ಮಾಸ್ತರರ ಕಪಾಟಿನ ಕಡೆ ಕೈ ತೋರಿದ.

ಅಲ್ಲಿ ಅರಗಿನ ಮುದ್ರೆಯೊಳಗೆ ಒಂದು ವೇಳಾಪಟ್ಟಿ,
ಯಾವಾಗಲೋ ಅಚ್ಚಾಗಿ ಕಾಯುತ್ತಿದ್ದದ್ದು.
ಯಾವ ಗಾಡಿ, ಎಷ್ಟು ಕುದುರೆ, ಎಲ್ಲಿ ನೀರು, ಎಷ್ಟು ನಿಮಿಷ.
ಜುಲೈ ಮುಗಿಯುವಾಗ ಅರಗು ಒಡೆಯಿತು.
ಹೋಗುವ ಪುಟಗಳೆಲ್ಲ ಇದ್ದವು.
ವಾಪಸು ಕರೆಸುವ ಪುಟವನ್ನು ಲೇಬಿಷ್ ರಾತ್ರಿಯೆಲ್ಲ ಹುಡುಕಿದ.
ಮೊದಲ ಗಾಡಿ ಹೊರಟ ಮೇಲೆ
ಚಕ್ರವರ್ತಿಯೂ ಒಬ್ಬ ಪ್ರಯಾಣಿಕ.

ನನ್ನ ಕುದುರೆಯನ್ನೂ ಒಯ್ದು ರಸೀದಿ ಕೊಟ್ಟರು.
ರಸೀದಿ ಈಗಲೂ ಇದೆ.

ಸೆಪ್ಟೆಂಬರಿನಲ್ಲಿ ಜಾರನ ದಂಡು ಬಂತು.
ಹಳಿಗಳನ್ನು ಐದು ಬೆರಳಗಲ ಹಿಗ್ಗಿಸಿದರು,
ನನ್ನ ಕೈಗೆ ಬೇರೆ ಅಕ್ಷರದ ಚೀಟಿ.
ಹುಟ್ಟಿದಾಗಿನಿಂದ ಪ್ಲಮ್ ಹಣ್ಣು ಕಾಣದ ಒಬ್ಬ ಸೈನಿಕ
ನನ್ನ ಗಿಡದಡಿ ಕೂತು ಬೀಜಗಳನ್ನು ಜೇಬಿಗೆ ಹಾಕಿಕೊಂಡ,
ಊರಲ್ಲಿ ನೆಡುತ್ತೇನೆಂದು.
ಮರುವರ್ಷ ನಮ್ಮವರು. ಹಳಿ ಕುಗ್ಗಿತು. ಹಳೆಯ ಚೀಟಿ.
ಹಿಮ್ಮೆಟ್ಟುವಾಗ ಅವರು ಲೇಬಿಷ್‌ನನ್ನು ಎಳೆದೊಯ್ದರು,
ಆಚೆಯವರಿಗೆ ತಂತಿ ಹೊಡೆದನೆಂದು.
ಎಲ್ಲಿಗೆಂದು ಯಾವ ತಂತಿಯೂ ಹೇಳಲಿಲ್ಲ.
ಅದರ ಮರುವರ್ಷ ಮತ್ತೆ ಅವರು.
ಕಾಡಿಗೆ, ಅಗಸೆ ಎಣ್ಣೆ, ಸಫೇದ: ನನಗೆ ಮಾತ್ರ ಬರಗಾಲವಿರಲಿಲ್ಲ.

ಆ ಬೇಸಿಗೆ ನಿಲ್ದಾಣದ ಹಿಂದೆ
ಹಿಮ ತಡೆಯುವ ಬೇಲಿಯ ಹಲಗೆ ಕಿತ್ತು ಶಿಲುಬೆ ಮಾಡುತ್ತಿದ್ದರು.
ಹತ್ತು ಹೆಸರಿಗೆ ಒಂದು ರೊಟ್ಟಿ.
ಒಂದು ಸಂಜೆಯ ಚೀಟಿ ನನಗೆ ಚೆನ್ನಾಗಿ ನೆನಪಿದೆ.
ಮೊದಲ ಅಕ್ಷರ ಬಾವಿಯ ಬಾಯಿಯಂತೆ ದುಂಡಗೆ,
ನಡುವೆ ಇನ್ನೊಂದು,
ಸೊಂಟಕ್ಕೆ ಎರಡೂ ಕೈ ಕೊಟ್ಟು ನಿಂತ ಹೆಂಗಸಿನ ಹಾಗೆ.
ಆ ದುಂಡು ಒಂದೇ ಎಳೆತಕ್ಕೆ ಬಂತು.
ಹಿಂದೆ ಸರಿದು ನೋಡಿ, ಸುಳ್ಳೇಕೆ, ಹಿಗ್ಗಿದೆ.

ಶರತ್ಕಾಲದಲ್ಲಿ ಪಾದ್ರಿ ಹೆಸರುಗಳನ್ನು ಒಂದೊಂದಾಗಿ ಓದುತ್ತ ಬಂದರು.
ಆ ಶಿಲುಬೆಯ ಮುಂದೆ ನಿಂತು ಓದಿದರು: ಒನುಫ್ರಿ.
ಅಪ್ಪನ ಹೆಸರು. ಹಳ್ಳಿಯ ಹೆಸರು.
ನನ್ನ ಅಕ್ಕ ಗಡಿಹೊಳೆಯಾಚೆ, ಜಾರನ ಸೀಮೆಗೆ
ಮದುವೆಯಾಗಿ ಹೋದವಳು.
ಅವಳ ಮಗ ನಾಲ್ಕು ವರ್ಷದವನಿದ್ದಾಗ
ನನ್ನ ಹೆಗಲೇರಿ ಆ ಹೊಳೆ ದಾಟಿದ್ದ,
ಕಾಲಿಂದ ನನ್ನ ಎದೆಗೆ ಒದೆಯುತ್ತ, ಕುದುರೆ, ಕುದುರೆ ಎಂದು.

ಆಮೇಲೆ ಜಾರ್ ಹೋದ. ಚಕ್ರವರ್ತಿ ಸತ್ತ, ಅವನ ನಂತರದವನು ಓಡಿದ.
ನವೆಂಬರಿನಲ್ಲಿ ನಮ್ಮ ಹುಡುಗರೇ ಬಂದು ನಮ್ಮ ಭಾಷೆಯ ಚೀಟಿ ಕೊಟ್ಟರು,
ಬಣ್ಣ ಪೂರ್ತಿ ಒಣಗುವಷ್ಟು ದಿನ ಇದ್ದರು.
ಈಗ ವಾರ್ಸಾದ ಚೀಟಿ, ನೀವು ತಂದದ್ದು.

ಹಲಗೆಯ ಎಡ ಮೂಲೆ ಕೊಳೆತಿದೆ, ಮೇಷ್ಟ್ರೇ.
ಮಾಸ್ತರರಿಗೆ ಹೇಳಿದೆ.
ಮೇಲೆ ಬಳಿದುಬಿಡು ಅಂದರು.
ಬಳಿಯುತ್ತೇನೆ. ನಿಮ್ಮ ಬರವಣಿಗೆಯಲ್ಲೂ ಒಂದು ದುಂಡಕ್ಷರವಿದೆ,
ನಡುವಿನಲ್ಲಿ.
ಅದಕ್ಕೆ ಬಂದಾಗ ಕೈ ಸ್ವಲ್ಪ ಹೊತ್ತು ನಿಲ್ಲುತ್ತದೆ,
ಗಾಡಿಗೆ ತಡವಾದರೆ ಬೈಯಬೇಡಿ.